ನೀರು ಕಾಯುವವರೆಗೆ

೧೮ ಜನವರಿ ೧೯೬೫, ಸೋಮವಾರ

ಇದು ನಮ್ಮ ಬಣ್ಣದ ಪುಸ್ತಕ. ಯಾವ ಬಣ್ಣಕ್ಕೆ ಯಾವ ಪುಡಿ ಎಷ್ಟು, ಬಣ್ಣ ಹಿಡಿಯಲು ಹಾಕುವ ಹುಳಿ ಎಷ್ಟು, ಎಷ್ಟು ಹೊತ್ತು ಕುದಿಸಬೇಕು ಎಂದು ಬರೆದು, ಪಕ್ಕದಲ್ಲಿ ಒಂದೆಳೆ ರೇಷ್ಮೆ ಅಂಟಿಸುವ ಪುಸ್ತಕ. ಯಜಮಾನರು ಬರೆಯುತ್ತಿದ್ದರು. ಅವರು ಹೋದ ಮೇಲೆ ಆರು ವರ್ಷದಿಂದ ನಾನು ಬರೆಯುತ್ತಿದ್ದೇನೆ. ಇವತ್ತು ಅದನ್ನು ತಿರುಗಿಸಿ ಹಿಂದಿನ ಪುಟದಿಂದ ಶುರುಮಾಡಿದ್ದೇನೆ. ಯಾರಿಗೂ ಹೇಳುವಂಥದ್ದಲ್ಲ, ಹೇಳದೆ ಇದ್ದರೆ ಹೊಟ್ಟೆಯೊಳಗೇ ಕುದಿಯುತ್ತದೆ. ಲೋಯರ್ ಸೆಕೆಂಡರಿ ಪಾಸು ಮಾಡಿದವಳು ನಾನು, ನನ್ನ ಅಕ್ಷರ ನನಗೆ ಓದಲು ಬಂದರೆ ಸಾಕು.

ಬೆಳಿಗ್ಗೆ ಬಚ್ಚಲಲ್ಲಿ ಮತ್ತೆ ಕೆಂಪು. ದಸರೆಯಿಂದ ಆಗಾಗ ಬರುತ್ತಿದೆ, ನಾಲ್ಕು ದಿನ ಇದ್ದು ಹೋಗುತ್ತದೆ. ನೋವಿಲ್ಲ, ಉರಿಯಿಲ್ಲ. ಮುಟ್ಟು ನಿಂತು ಐದು ವರ್ಷವಾಯಿತು, ಆದ್ದರಿಂದ ಅದಲ್ಲ. ಬಣ್ಣದ ಮನೆಯವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಹಗಲೆಲ್ಲ ಹಂಡೆಯ ಹಬೆ ಕುಡಿಯುವವರು, ಮೊಣಕೈವರೆಗೆ ಬಣ್ಣದಲ್ಲಿ ಅದ್ದುವವರು, ಹುಳಿ ಸಾಕೇ ಎಂದು ಹಂಡೆಯ ನೀರನ್ನು ಬೆರಳಲ್ಲಿ ತೆಗೆದು ನಾಲಿಗೆ ತುದಿಗೆ ಹಚ್ಚಿ ನೋಡುವವರು ನಾವು. ಒಳಗೆ ಹೋದ ಬಣ್ಣ ಹೊರಗೆ ಬರಬೇಕಲ್ಲ. ಉಗುಳಿದರೆ ಬಣ್ಣ, ಬೆವರಿದರೆ ಬಣ್ಣ, ಹಾಗೆಯೇ ಇದೂ. "ಬಣ್ಣ ಇಳೀತಿದೆ ಬಿಡು, ಒಳ್ಳೇದೇ" ಎಂದು ನಮ್ಮತ್ತೆ ಹೇಳುತ್ತಿದ್ದರು.

ಆದರೆ ಇವತ್ತು ಬಚ್ಚಲ ಕಲ್ಲಿನ ಮುಂದೆ ನಿಂತಾಗ ಒಂದು ವಿಷಯ ಹೊಳೆಯಿತು. ಹದಿನೇಳು ದಿನದಿಂದ ನಾವು ಹಾಕುತ್ತಿರುವುದು ಗಿಳಿಹಸಿರು. ಕೆಂಪು ಪುಡಿಯ ಡಬ್ಬಿಯ ಮುಚ್ಚಳವನ್ನೇ ತೆಗೆದಿಲ್ಲ. ಹಸಿರು ಹಾಕಿದವಳಿಂದ ಕೆಂಪು ಹೇಗೆ ಇಳಿಯುತ್ತದೆ?

ಮೂವತ್ತಾರು ವರ್ಷ ಬಣ್ಣ ನೋಡಿದ ಕಣ್ಣು ನನ್ನದು. ಒಂದೆಳೆ ತೋರಿಸಿದರೆ ಪುಡಿಯ ಹೆಸರು ಹೇಳುತ್ತೇನೆ. ಈ ಕೆಂಪು ಯಾವ ಡಬ್ಬಿಯದೂ ಅಲ್ಲ.

೨೦ ಜನವರಿ, ಬುಧವಾರ

ಸಿದ್ದಪ್ಪನಿಗೆ ಹೇಳಿದೆ. ಮರುಳಸಿದ್ದಪ್ಪ ನನ್ನ ಮೈದುನ. ಹದಿನೈದು ವರ್ಷದ ಸೊಸೆಯಾಗಿ ನಾನು ಈ ಮನೆಗೆ ಬಂದಾಗ ಅವನಿಗೆ ಒಂಬತ್ತು. ಮೂಗು ಒರೆಸಿ ಸ್ಕೂಲಿಗೆ ಕಳಿಸಿದವಳು ನಾನೇ. ಈಗ ಹಂಡೆಯ ಆ ಕಡೆ ಅವನು, ಈ ಕಡೆ ನಾನು. ಅವನಿಗಲ್ಲದೆ ಇನ್ನು ಯಾರಿಗೆ ಹೇಳಲಿ?

ಹೇಳಿದ್ದೇ ತಪ್ಪಾಯಿತು. ಎಗರಿ ಬಿದ್ದ.

"ಅದು ಬಣ್ಣ ಅತ್ತಿಗೆ! ಹಳೇದು ಒಳಗೆ ಕೂತಿರುತ್ತೆ, ಈಗ ಇಳೀತಿದೆ. ನಮ್ಮಪ್ಪನಿಗೆ ಇಳೀಲಿಲ್ವಾ? ಅಣ್ಣನಿಗೆ ಇಳೀಲಿಲ್ವಾ? ಇದಕ್ಕೆಲ್ಲ ಡಾಕ್ಟ್ರು ಗೀಕ್ಟ್ರು ಅಂತ ಹೋದ್ರೆ ಇಲ್ಲದ ಕಾಯಿಲೆ ಹೆಸರು ಹೇಳಿ ಕಳಿಸ್ತಾರೆ."

"ಹಸಿರು ಹಾಕಿದ್ರೆ ಕೆಂಪು ಇಳಿಯುತ್ತೇನೋ?"

"ನಂಗೇನು ಗೊತ್ತು!" ಎಂದು ಕೋಲು ಬಿಸಾಕಿ ಹಿತ್ತಲಿಗೆ ಹೋದ. ಅರ್ಧ ಗಂಟೆ ಬರಲಿಲ್ಲ, ಬೀಡಿ ಸೇದುತ್ತ ಕೂತಿದ್ದನೆಂದು ಕಾಣುತ್ತದೆ. ಹಂಡೆಯಲ್ಲಿ ಕೋಲಿನಿಂದ ಆಡಿಸುವವರಿಲ್ಲದೆ ಒಂದು ಲಡಿ ರೇಷ್ಮೆನೂಲು ಒಂದೇ ಕಡೆ ಬಣ್ಣ ಹಿಡಿದು ಹಾಳಾಯಿತು. ಕಾಯಿಲೆ ನನಗೆ, ಕೋಪ ಇವನಿಗೆ!

ಒಳಗೆ ಮಗಳು ಎಲ್ಲ ಕೇಳಿಸಿಕೊಂಡಿದ್ದಾಳೆ. ಸರ್ವಮಂಗಳ ಅಂತ ಹೆಸರು, ನಾವು ಕರೆಯುವುದು ಮಂಗಳ, ಬಿ.ಎಸ್ಸಿ. ಓದುತ್ತಿದ್ದಾಳೆ. ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದಳು. "ಶನಿವಾರ ದೊಡ್ಡಾಸ್ಪತ್ರೆಗೆ ಹೋಗ್ತಿದೀವಿ ಅಮ್ಮ. ಬರಲ್ಲ ಅಂದ್ರೆ ನಿನ್ನ ಒಲೆಗೆ ಒಂದು ಬಿಂದಿಗೆ ನೀರು ಹುಯ್ತೀನಿ." ಈ ಹಠ ಎಲ್ಲಿಂದ ಬಂತೋ ಎಂದೆ. ಹುಡುಗಿ ನನ್ನನ್ನೇ ನೋಡಿ ನಕ್ಕಳು.

೨೩ ಜನವರಿ, ಶನಿವಾರ

ಹನುಮಂತನಗರದಲ್ಲಿ ಬಸ್ಸು ಹತ್ತಿ ಮಾರ್ಕೆಟ್ಟಿನಲ್ಲಿ ಇಳಿದು ಆಸ್ಪತ್ರೆಗೆ ನಡೆದೆವು. ಚೀಟಿ ಬರೆಯುವವನು ಗಂಡನ ಹೆಸರು ಕೇಳಿದ. ಮಂಗಳ ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿಬಿಟ್ಟೆ. ಶಾಂತವೀರಪ್ಪ. ಮೂವತ್ತು ವರ್ಷ ಸಂಸಾರ ಮಾಡಿ ಒಂದು ಸಲವೂ ಬಾಯಿಬಿಟ್ಟು ಹೇಳದ ಹೆಸರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಸೀಸೆ ಕೊಟ್ಟು ಅದರಲ್ಲಿ ಹಿಡಿದು ತರಲು ಹೇಳಿದರು. ತಂದವಳು ಅಭ್ಯಾಸಬಲದಿಂದ ಕಿಟಕಿಯ ಬೆಳಕಿಗೆ ಹಿಡಿದೆ. ಬಣ್ಣವನ್ನು ಯಾವತ್ತೂ ಉತ್ತರದ ಬೆಳಕಿನಲ್ಲಿ ನೋಡಬೇಕು. ದಾಳಿಂಬೆ ಕೆಂಪು, ಕೆಳಗೆ ಸ್ವಲ್ಪ ಇಟ್ಟಿಗೆಯ ಛಾಯೆ. "ಏನಮ್ಮಾ, ಪೂಜೆ ಮಾಡ್ತೀಯೇನು, ತಾ ಇಲ್ಲಿ" ಎಂದು ಆಯಾ ಗದರಿದಳು.

ಡಾಕ್ಟರ ಹೆಸರು ತಿರುಮಲೇಶ್. ಚಿಕ್ಕ ವಯಸ್ಸು, ಮೆಲ್ಲಗೆ ಮಾತಾಡುತ್ತಾರೆ. ಅದು ರಕ್ತವೇ ಎಂದರು. ಮೂತ್ರಕೋಶದೊಳಗೆ ನಳಿಗೆ ಇಳಿಸಿ ದೀಪದಲ್ಲಿ ನೋಡಬೇಕಂತೆ, ಮುಂದಿನ ಶುಕ್ರವಾರ. ಹೇಳುವಾಗ ಮಂಗಳನ ಮುಖ ನೋಡುತ್ತಿದ್ದರು.

"ಡಾಕ್ಟ್ರೇ, ಕಾಯಿಲೆ ನನ್ನದು, ನನ್ನ ಕಡೆ ನೋಡಿ ಹೇಳಿ. ಕ್ಯಾನ್ಸರ್ರಾ?"

"ಇರಬಹುದು, ಇಲ್ಲದೆಯೂ ಇರಬಹುದು. ನೋಡದೆ ಹೇಳೋಕಾಗಲ್ಲಮ್ಮ."

"ಅಷ್ಟು ಹೇಳಿದ್ರಲ್ಲ, ಸಾಕು" ಎಂದೆ. ಚೀಟಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ.

೨೫ ಜನವರಿ, ಸೋಮವಾರ

ಎರಡು ದಿನ ಹುಚ್ಚು ಹಿಡಿದವಳ ಹಾಗೆ ಕೆಲಸ ಮಾಡಿದೆ. ಹಂಡೆಗಳನ್ನೆಲ್ಲ ಹುಣಿಸೆಹಣ್ಣಿನಲ್ಲಿ ಉಜ್ಜಿದೆ. ಅಟ್ಟ ಗುಡಿಸಿದೆ. ನಲ್ಲಿಯ ಹತ್ತಿರ ಇಬ್ಬರ ಜೊತೆ ಜಗಳವಾಡಿದೆ, ಅದರಲ್ಲಿ ಒಬ್ಬಳದು ಏನೂ ತಪ್ಪಿರಲಿಲ್ಲ. ಏನು ಮಾಡಿದರೂ ಕ್ಯಾನ್ಸರ್ ಎಂಬ ಆ ಶಬ್ದ ಹಿಂದೆಯೇ ಬರುತ್ತದೆ. ಬಾವಿಗೆ ಬಿಂದಿಗೆ ಇಳಿಸಿದರೆ ಅಲ್ಲೂ ಅದೇ.

ಇವತ್ತು ಬೆಳಿಗ್ಗೆ ಒಲೆ ಹಚ್ಚಿ ಹಂಡೆಯ ಮುಂದೆ ಕೂತು ಒಂದು ತೀರ್ಮಾನ ಮಾಡಿದೆ. ನೀರು ಕಾಯಲು ಮುಕ್ಕಾಲು ಗಂಟೆ ಬೇಕು. ಆ ಹೊತ್ತಿನಲ್ಲಿ ನನಗೆ ಬೇರೆ ಕೆಲಸವೂ ಇರುವುದಿಲ್ಲ. ಆದ್ದರಿಂದ ಹೆದರಿಕೆಗೆ ಆ ಮುಕ್ಕಾಲು ಗಂಟೆ ಕೊಟ್ಟಿದ್ದೇನೆ. ಬಾ, ಕೂತುಕೋ, ಏನು ಹೆದರಿಸುತ್ತೀಯೋ ಹೆದರಿಸು. ಸಾಯುತ್ತೀಯಾ ಎನ್ನುತ್ತೀಯಾ, ಸಾಯುತ್ತೇನೆ. ಮಂಗಳನ ಮದುವೆ ಯಾರು ಮಾಡುತ್ತಾರೆ ಎನ್ನುತ್ತೀಯಾ, ಕೇಳು. ಅಳಬೇಕಾದರೆ ಅಲ್ಲೇ ಅಳುತ್ತೇನೆ, ಕೇಳಿದವರಿಗೆ ಹೊಗೆ ಎಂದರಾಯಿತು. ನೀರು ಕುದಿ ಬಂದ ಮೇಲೆ ಮಾತ್ರ ನೀನು ಎದ್ದು ಹೋಗಬೇಕು. ಆಮೇಲೆ ನನ್ನ ಕೈಗೆ ಕೆಲಸವಿದೆ.

ಹಾಗೇ ಮಾಡಿದೆ. ಚೆನ್ನಾಗಿ ಅತ್ತೆ. ನೀರು ಕುದಿಯಿತು, ಎದ್ದೆ.

ಹಸಿರು ಮುಗಿಯಿತು. ಗಾಂಧಿಬಜಾರಿನ ಸೀರೆ ಅಂಗಡಿಯ ಬದರಿನಾಥರು ನಲವತ್ತು ಸೀರೆಯ ರೇಷ್ಮೆ ಕಳಿಸಿದ್ದಾರೆ. ವೈಶಾಖದ ಮದುವೆಗಳಿಗೆ ಅರಗಿನ ಕೆಂಪು ಬೇಕಂತೆ. ಇನ್ನು ಯಾವ ಕೆಂಪು ಎಲ್ಲಿಯದು ಎಂದು ನನಗೂ ಗೊತ್ತಾಗುವುದಿಲ್ಲ. ಬರಲಿ, ನೋಡೋಣ.

೨೯ ಜನವರಿ, ಶುಕ್ರವಾರ

ಆಯಿತು. ಬರೆಯಲು ನಾಚಿಕೆಯಾಗುವ ಹಾಗೆ ಮಲಗಿಸಿದರು. ಮರಗಟ್ಟಿಸುವ ಮದ್ದು ಅರ್ಧ ಮಾತ್ರ ಕೆಲಸ ಮಾಡಿತು. ಹಲ್ಲು ಕಚ್ಚಿ ಮೇಲಿನ ಫ್ಯಾನು ನೋಡುತ್ತಿದ್ದೆ. ನರ್ಸಮ್ಮ ನನ್ನ ಕೈ ಹಿಡಿದುಕೊಂಡಳು, ಆಮೇಲೆ ಆ ಕೈಯನ್ನೇ ನೋಡಿದಳು.

"ಕೈ ತೊಳ್ಕೊಂಡು ಬರಬಾರದೇನಮ್ಮಾ?"

"ತೊಳ್ದಿದೀನಿ ತಾಯಿ. ಮೂವತ್ತಾರು ವರ್ಷದಿಂದ ತೊಳೀತಾನೇ ಇದೀನಿ."

ಆ ಹುಡುಗಿ ನಕ್ಕಳು. ನನಗೂ ನಗು ಬಂತು, ಡಾಕ್ಟರು ಅಲ್ಲಾಡಬೇಡಿ ಎಂದು ರೇಗಿದರು.

ಒಳಗೆ ಒಂದು ಗಂಟಿದೆ. ಸಣ್ಣ ಹೂಕೋಸಿನ ಹಾಗೆ ಇದೆಯಂತೆ. ಒಂದು ಚೂರು ಕಿತ್ತು ಪರೀಕ್ಷೆಗೆ ಕಳಿಸಿದ್ದಾರೆ. ಕೆಟ್ಟದ್ದೋ ಅಲ್ಲವೋ, ಎಷ್ಟು ಆಳಕ್ಕೆ ಹೋಗಿದೆ ಎಂಬುದು ಆಮೇಲೆ ಗೊತ್ತಾಗುತ್ತದೆ. ಎರಡು ವಾರ.

ಮನೆಗೆ ಬಂದರೆ ಸಿದ್ದಪ್ಪನ ಹೆಂಡತಿ ಗೌರಮ್ಮ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದಿದ್ದಳು. ದೀಪಾವಳಿಯಿಂದ ಪ್ರತಿ ಶುಕ್ರವಾರ ರಾಹುಕಾಲಕ್ಕೆ ಹೋಗುತ್ತಿದ್ದಾಳೆ. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. "ನಾನಿನ್ನೂ ಸತ್ತಿಲ್ಲ ಕಣೇ, ಹೋಗಿ ಕಾಫಿ ಮಾಡು" ಎಂದೆ. ಹೂಕೋಸನ್ನು ಇನ್ನು ಈ ಮನೆಯೊಳಗೆ ತರಕೂಡದು ಎಂದೂ ಹೇಳಿದೆ.

೩೦ ಜನವರಿ, ಶನಿವಾರ

ನೋವು. ಬರೆಯಲಾರೆ.

೨ ಫೆಬ್ರವರಿ, ಮಂಗಳವಾರ

ಬದರಿನಾಥರು ಬಂದಿದ್ದರು. ನನ್ನ ಕಾಯಿಲೆಯ ಸುದ್ದಿ ಯಾರೋ ಕಿವಿಗೆ ಹಾಕಿದ್ದಾರೆ. ಜಗಲಿಯ ಮೇಲೆ ಕೂತು ಹವಾ, ಮಳೆ, ಅಕ್ಕಿ ಸಿಗದ ಕಷ್ಟ, ಎಲ್ಲ ಮಾತಾಡಿದರು. ವಿಷಯಕ್ಕೆ ಬರಲು ಹೆದರುತ್ತಿದ್ದಾರೆ ಎಂದು ಗೊತ್ತಾಯಿತು.

"ಬಸವಲಿಂಗಮ್ಮನೋರೇ, ನಿಮಗೆ ಮೈ ಸರಿಯಿಲ್ಲ ಅಂತ ಕೇಳ್ದೆ. ಈ ಸಲ ರೇಷ್ಮೆ ಬೇರೆ ಕಡೆ ಕೊಟ್ರೆ ನಿಮಗೂ ರೆಸ್ಟ್ ಆಗುತ್ತೆ ಅಂತ..."

"ಮೂತ್ರಕೋಶದಲ್ಲಿ ಗಂಟಿದೆ ಸ್ವಾಮಿ. ಕ್ಯಾನ್ಸರ್ ಇರಬಹುದು. ಪರೀಕ್ಷೆಗೆ ಕಳಿಸಿದಾರೆ" ಎಂದೆ, ಬೀದಿಗೆಲ್ಲ ಕೇಳುವ ಹಾಗೆ. ಎದುರುಮನೆ ಕಿಟಕಿಯಲ್ಲಿ ಎರಡು ತಲೆ ಕಂಡವು, ಅವರಿಗೂ ಕೇಳಲಿ ಎಂದು ಇನ್ನೊಂದು ಸಲ ಹೇಳಿದೆ. "ಮದುವೆ ಸೀರೆಗೆ ಅದು ಅಂಟಲ್ಲ. ಅಂಟೋದು ನನ್ನ ಬಣ್ಣ ಮಾತ್ರ. ಒಂದು ಲಡಿ ತಗೊಂಡು ಸೋಪುನೀರಲ್ಲಿ ಅದ್ದಿ ನೋಡಿ. ಒಂದು ತೊಟ್ಟು ಬಣ್ಣ ಬಿಟ್ರೆ ಅಷ್ಟನ್ನೂ ಹೊತ್ಕೊಂಡು ಹೋಗಿ."

ಅವರು ಅದ್ದಿಯೇ ನೋಡಿದರು! ನೀರು ತಿಳಿಯಾಗಿಯೇ ಇತ್ತು. ಗೌರಮ್ಮ ತಂದ ಕಾಫಿ ಮುಟ್ಟಲಿಲ್ಲ, ಲೋಟದ ಕಡೆ ನೋಡಿ ಈಗ ತಾನೇ ಕುಡಿದೆ ಎಂದರು. ರೇಷ್ಮೆ ಬಿಟ್ಟು ಹೋದರು. ಅವರ ಕಾಫಿಯನ್ನು ನಾನೇ ಕುಡಿದೆ.

ಹೇಳಬಾರದು ಅಂದುಕೊಂಡಿದ್ದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

೫ ಫೆಬ್ರವರಿ, ಶುಕ್ರವಾರ

ಹೆಪ್ಪುಗಟ್ಟಿದ ರಕ್ತ ಬಂದು ಮತ್ತೆ ಆಸ್ಪತ್ರೆಗೆ ಹೋಗಬೇಕಾಯಿತು. ನಳಿಗೆ ಹಾಕಿದ ಮೇಲೆ ಹೀಗಾಗುವುದುಂಟು ಎಂದು ಡಾಕ್ಟರು ತೊಳೆದು ಕಳಿಸಿದರು. ಕಳಿಸುವ ಮುಂಚೆ ನನ್ನ ಕೈ ನೋಡಿ, ಏನು ಕಸುಬು ಎಂದು ಕೇಳಿದರು. ಹೇಳಿದೆ. ಹುಳಿ ನೋಡುವ ಕ್ರಮವನ್ನೂ ಹೇಳಿದೆ, ಸ್ವಲ್ಪ ಜಂಬದಿಂದಲೇ. ಈ ಬೆಂಗಳೂರಲ್ಲಿ ನನ್ನಷ್ಟು ಸರಿಯಾಗಿ ನಾಲಿಗೆಯಲ್ಲಿ ಹುಳಿ ಹೇಳುವವರಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು.

"ನಿಮ್ಮ ಯಜಮಾನರು ಏನಾಗಿ ತೀರಿಕೊಂಡ್ರು?"

"ಮೈ ಊದಿತ್ತು, ಊಟ ಸೇರ್ತಿರಲಿಲ್ಲ. ಕಾಮಾಲೆ ಅಂತ ನಾಟಿ ಔಷಧಿ ಕೊಡಿಸಿದ್ವಿ."

"ಅದಕ್ಕೆ ಮುಂಚೆ ಮೂತ್ರ ಕೆಂಪಗೆ ಹೋಗ್ತಿತ್ತಾ?"

"ಎರಡು ವರ್ಷ ಹೋಯ್ತು. ನಮ್ಮ ಕಸುಬಿನವರಿಗೆಲ್ಲ ಹಾಗೇ..."

ಅಲ್ಲಿಗೆ ನಿಲ್ಲಿಸಿದೆ. ಡಾಕ್ಟರು ಮೆಲ್ಲಗೆ ಹೇಳಿದರು: ಕೆಲವು ಬಣ್ಣದ ಪುಡಿಗಳಲ್ಲಿ ಇದಕ್ಕೆ ಕಾರಣವಾಗುವ ವಸ್ತು ಇರುತ್ತದೆ, ಹೊರದೇಶಗಳಲ್ಲಿ ಬಣ್ಣದ ಕಾರ್ಖಾನೆಯವರಲ್ಲಿ ಇದನ್ನು ಎಷ್ಟೋ ವರ್ಷದ ಹಿಂದೆಯೇ ಕಂಡಿದ್ದಾರೆ.

೬ ಫೆಬ್ರವರಿ, ಶನಿವಾರ

ನಾನೇ ಹೇಳಿದ್ದೆ. ಯಜಮಾನರು ಬಚ್ಚಲಿನಿಂದ ಬಂದು, ನೋಡೇ ಇವತ್ತು ಜಾಸ್ತಿ ಇದೆ ಎಂದಾಗ, ಬಣ್ಣ ಇಳೀತಿದೆ ಬಿಡಿ, ಒಳ್ಳೇದೇ ಎಂದು ನಾನೇ ಹೇಳಿದ್ದೆ.

೮ ಫೆಬ್ರವರಿ, ಸೋಮವಾರ

ಬೆಳಿಗ್ಗೆ ನೀರು ಕಾಯುವ ಹೊತ್ತಿನಲ್ಲಿ ಹೆದರಿಕೆ ಬರಲಿಲ್ಲ, ಅದರ ಜಾಗದಲ್ಲಿ ಅವರು ಬಂದು ಕೂತಿದ್ದರು. ಬೈದುಕೊಳ್ಳುತ್ತಾರೆ ಎಂದುಕೊಂಡೆ. ಬೈಯುವ ಜಾಯಮಾನವೇ ಅವರದಲ್ಲ. ಅದಕ್ಕೇ ಇನ್ನೂ ಸಂಕಟವಾಯಿತು. ನೀರು ಕುದಿದು ಅರ್ಧ ಆರಿಹೋದರೂ ಎದ್ದಿರಲಿಲ್ಲ, ಮಂಗಳ ಬಂದು ಅಲ್ಲಾಡಿಸಿದಳು.

"ಅಮ್ಮ, ನಿನಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ. ಈ ಪುಡಿ ಮಾಡಿ ಮಾರೋರಿಗೆ ಗೊತ್ತಿತ್ತಲ್ಲ!"

ಎದ್ದು ಬಣ್ಣದ ಡಬ್ಬಿಗಳನ್ನೆಲ್ಲ ಹೊರಗೆ ತಂದು ಬಿಸಿಲಿನಲ್ಲಿ ಸಾಲಾಗಿ ಇಟ್ಟೆ. ಒಂದೊಂದನ್ನೂ ಸುತ್ತಲೂ ತಿರುಗಿಸಿ ಇಂಗ್ಲಿಷಿನಲ್ಲಿದ್ದದ್ದನ್ನೆಲ್ಲ ಮಂಗಳನಿಂದ ಓದಿಸಿದೆ. ಹೆಸರು, ತೂಕ, ನಂಬರು. ಒಂದರ ಮೇಲೂ ನಾಲಿಗೆಗೆ ಹಚ್ಚಬೇಡಿ, ಕೈ ಹಾಕಬೇಡಿ ಎಂಬ ಮಾತಿಲ್ಲ. ನವಿಲಿನ ಚಿತ್ರ ಹಾಕಲು ಜಾಗವಿತ್ತು, ಗರಿ ಬಿಚ್ಚಿಕೊಂಡ ನವಿಲು. ಈ ಒಂದು ಸಾಲಿಗೆ ಜಾಗವಿರಲಿಲ್ಲ ಅವರಿಗೆ. ಹಾಳಾಗಿ ಹೋಗಲಿ. ಬಾಯಿಗೆ ಬಂದದ್ದೆಲ್ಲ ಬೈದೆ. ಎದುರುಮನೆ ಕಿಟಕಿ ಮುಚ್ಚಿಕೊಂಡಿತು.

ಸಿದ್ದಪ್ಪ ಬಾವಿಕಟ್ಟೆಯ ಮೇಲೆ ಕೂತು ಎಲ್ಲ ಕೇಳುತ್ತಿದ್ದ. ಬಾರ್ಲಿ ನೀರು ಕುಡಿಯುತ್ತಿದ್ದ, ಈಚೆಗೆ ಹೊತ್ತುಹೊತ್ತಿಗೂ ಅದೇ. "ಡಾಕ್ಟ್ರು ಹೇಳಿದ್ದೆಲ್ಲ ವೇದವಾಕ್ಯವಾ ಅತ್ತಿಗೆ? ಅಣ್ಣನಿಗೆ ಬಂದಿದ್ದು ಕಾಮಾಲೆ" ಎಂದ. ನಿನ್ನ ಬುದ್ಧಿಗೆ ಬೆಂಕಿ ಹಾಕ ಎಂದು ಅವನಿಗೂ ಬೈದೆ.

೯ ಫೆಬ್ರವರಿ, ಮಂಗಳವಾರ

ಮಂಗಳ ಕಾಲೇಜಿನಿಂದ ನೀಲಿ ಕಾಗದದ ಸಣ್ಣ ಪುಸ್ತಕ ತಂದಳು. ಲಿಟ್ಮಸ್ ಅಂತೆ. ಹುಳಿ ಇದ್ದರೆ ಕೆಂಪಾಗುತ್ತದಂತೆ. "ಕೆಂಪು ನೀರಿನಲ್ಲಿ ಕೆಂಪಾಗೋ ಕಾಗದ ಏನೇ ಹೇಳುತ್ತೆ, ದಡ್ಡಿ" ಎಂದೆ. "ಬಣ್ಣ ಹಾಕೋಕೆ ಮುಂಚೆ ನೋಡಮ್ಮ, ಜಾಣೆ" ಎಂದಳು. ನಾಲಿಗೆಯ ಮುಂದೆ ಕಾಗದ ಯಾವ ಲೆಕ್ಕ! ಎತ್ತಿ ಗೂಡಿನಲ್ಲಿಟ್ಟೆ.

೧೨ ಫೆಬ್ರವರಿ, ಶುಕ್ರವಾರ

ಎರಡು ವಾರ ಮುಗಿಯಿತು. ಹೋಗಿ ಕೇಳಿದರೆ ರಿಪೋರ್ಟು ಬಂದಿಲ್ಲ, ಮಂಗಳವಾರ ಬನ್ನಿ. ಇನ್ನೂ ನಾಲ್ಕು ದಿನ! ನನ್ನ ಮೈಯಿಂದ ಕಿತ್ತ ಚೂರು ಎಲ್ಲೋ ಯಾರದೋ ಮೇಜಿನ ಮೇಲೆ ಕೂತಿದೆ, ಅದರ ಸಮಾಚಾರ ನನಗೇ ಗೊತ್ತಿಲ್ಲ. ಬಸ್ಸಿನಲ್ಲಿ ಕಂಡಕ್ಟರನ ಜೊತೆ ಜಗಳವಾಡಿದೆ. ಮಂಗಳ ನನ್ನ ಪರ ವಹಿಸಿ ನನಗಿಂತ ಜೋರಾಗಿ ಜಗಳವಾಡಿದಳು. ಇಳಿದ ಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ ಕಣ್ಣೊರೆಸಿಕೊಂಡೆವು.

ಗೌರಮ್ಮ ಮತ್ತೆ ನಿಂಬೆಹಣ್ಣು ಕತ್ತರಿಸಿ ಬತ್ತಿ ಹೊಸೆಯುತ್ತ ಕೂತಿದ್ದಳು. ತಲೆ ಕೆಟ್ಟಿತ್ತು ನನಗೆ. "ನನ್ನ ಹೆಸರಲ್ಲಿ ದೀಪ ಹಚ್ಚಬೇಡ ಅಂತ ಎಷ್ಟು ಸಲ ಹೇಳಲಿ? ಅಮ್ಮನಿಗೆ ನನ್ನ ಮೇಲೆ ಕರುಣೆಯಿದ್ರೆ ನಿನ್ನ ನಿಂಬೆಹಣ್ಣಿಗೆ ಕಾಯ್ತಾಳಾ? ಉಪ್ಪಿನಕಾಯಿ ಹಾಕು ಹೋಗು" ಎಂದು ಕೂಗಾಡಿದೆ. ಅವಳು ತಲೆಯೆತ್ತಿ ಏನೋ ಹೇಳಲು ಬಂದಳು. ಹೇಳದೆ ಬುಟ್ಟಿ ಎತ್ತಿಕೊಂಡು ಹೋಗಿಬಿಟ್ಟಳು.

ಅರಗಿನ ಕೆಂಪು ಇಪ್ಪತ್ತಾರು ಸೀರೆಯದು ಆಯಿತು. ಹುಳಿ ಕಾಗದದಲ್ಲಿ ನೋಡಿದೆ. ಬಣ್ಣ ಸಮವಾಗಿ ಕೂತಿದೆ.

೧೬ ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ನೀರು ಕುದಿಯುವಾಗ ಗೊತ್ತಾಯಿತು, ಹೆದರಲು ಮರೆತಿದ್ದೆ. ಬಾಕಿ ಹದಿನಾಲ್ಕು ಸೀರೆಯ ಬಣ್ಣ ಒಂದೇ ಪಾಕಕ್ಕೆ ಬರಬೇಕಲ್ಲ ಎಂದು ಯೋಚಿಸುತ್ತಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಆ ಹೆದರಿಕೆಯೆಲ್ಲ ಒಟ್ಟಿಗೆ ಬಂತು ಬಿಡಿ.

ಕ್ಯಾನ್ಸರೇ.

ಡಾಕ್ಟರು ಈ ಸಲ ನನ್ನ ಮುಖ ನೋಡಿಯೇ ಹೇಳಿದರು. ಕ್ಯಾನ್ಸರ್ ಹೌದು, ಆದರೆ ಮೇಲ್ಪದರದಲ್ಲೇ ಇದೆ, ಗೋಡೆಯೊಳಗೆ ಇಳಿದಿಲ್ಲ. ಅದನ್ನು ಬಿಡಿಸಿ ಹೇಳಲು ಕಾಗದದ ಮೇಲೆ ಚಿತ್ರ ಬರೆಯತೊಡಗಿದರು.

"ಬಿಡಿ ಡಾಕ್ಟ್ರೇ, ಅರ್ಥ ಆಯ್ತು. ಬಣ್ಣ ಮೇಲೆ ಮೇಲೆ ಕೂತಿದೆ, ಎಳೆಗೆ ಇಳಿದಿಲ್ಲ. ಅಂಥದ್ದನ್ನ ತೆಗೀಬಹುದು."

"ಅದೇ. ಮಾರ್ಚ್ ಒಂದನೇ ತಾರೀಕು ಸುಟ್ಟು ತೆಗೀತೀವಿ. ಆದ್ರೆ ಇದು ಮತ್ತೆ ಬರೋ ಜಾತಿ ಅಮ್ಮ. ಮೂರು ತಿಂಗಳಿಗೊಂದು ಸಲ ನಳಿಗೆ ಹಾಕಿ ನೋಡಬೇಕು. ಜೀವ ಇರೋವರೆಗೂ."

"ಇರೋವರೆಗೂ ಅಂದ್ರಲ್ಲ. ಬರ್ತೀನಿ."

ಬಂದರೆ ಮತ್ತೆ ಸುಡಲಿ, ಮತ್ತೆ ಬಂದರೆ ಮತ್ತೆ ಸುಡಲಿ. ಬಂದು ಬಂದು ಅದಕ್ಕೇ ಬೇಜಾರಾಗಬೇಕು.

ಮನೆಯಲ್ಲಿ ಎಲ್ಲರನ್ನೂ ಊಟಕ್ಕೆ ಕೂರಿಸಿ ಹೇಳಿದೆ. ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೋಗಿದ್ದರಿಂದ ಉಳಿದೆ, ಇನ್ನೊಂದು ವರ್ಷ ಬಣ್ಣ ಇಳೀತಿದೆ ಅಂತ ಕೂತಿದ್ದರೆ ಯಜಮಾನರ ದಾರಿಯೇ ಎಂದೂ ಹೇಳಿದೆ. ಗೌರಮ್ಮ ಗಂಡನನ್ನೇ ನೋಡುತ್ತಿದ್ದಳು. ಸಿದ್ದಪ್ಪ ಎಲೆಯ ಮುಂದಿನಿಂದ ಎದ್ದುಹೋದ. ಒಂದು ಒಳ್ಳೆ ಮಾತು ಆಡಲಿಲ್ಲ. ಬೇಸರವಾಯಿತು.

೧೮ ಫೆಬ್ರವರಿ, ಗುರುವಾರ

ಕೊನೆಯ ಹಂಡೆ. ಸಿದ್ದಪ್ಪನಿಗೆ ಕಾಗದದ ಮೇಲೆ ನಂಬಿಕೆಯಿಲ್ಲ. ನಾನು ಲಡಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಹಂಡೆಯೊಳಗೆ ಬೆರಳು ಅದ್ದಿ ನಾಲಿಗೆಗೆ ತರುತ್ತಿದ್ದ. ಕೈಯಲ್ಲಿದ್ದ ಕೋಲಿನಿಂದ ಅವನ ಮಣಿಕಟ್ಟಿಗೆ ಬಲವಾಗಿ ಒಂದು ಬಿಟ್ಟೆ. ನಲವತ್ತೈದು ವರ್ಷದ ಗಂಡಸಿಗೆ!

ತಿರುಗಿ ಬೈಯುತ್ತಾನೆ ಎಂದುಕೊಂಡೆ. ಕೈ ಹಿಡಿದುಕೊಂಡು, ಮಗುಚಿಟ್ಟಿದ್ದ ಹಂಡೆಯ ಮೇಲೆ ಕುಸಿದು ಕೂತ.

"ಅತ್ತಿಗೆ, ನನಗೂ ಇಳೀತಿದೆ."

ಮೊದಲು ಏನೆಂದು ಹೊಳೆಯಲಿಲ್ಲ. ಹೊಳೆದಾಗ ನನ್ನ ಕೋಲು ನೆಲಕ್ಕೆ ಬಿತ್ತು.

"ಯಾವಾಗಿಂದ?"

"ದೀಪಾವಳಿಗೆ ಮುಂಚೆಯಿಂದ."

"ಗೌರಮ್ಮನಿಗೆ ಗೊತ್ತಾ?"

ಹೂಂ ಎಂದು ತಲೆಯಾಡಿಸಿದ. ದೀಪಾವಳಿಯಿಂದ ಪ್ರತಿ ಶುಕ್ರವಾರ. ಆ ನಿಂಬೆಹಣ್ಣಿನ ದೀಪಗಳು ನನಗಲ್ಲ. ನಾನು ಆ ಹೆಣ್ಣುಮಗಳಿಗೆ ಉಪ್ಪಿನಕಾಯಿ ಹಾಕು ಹೋಗು ಎಂದಿದ್ದೆ.

"ಯಾಕೋ ಹೇಳಲಿಲ್ಲ? ನಾನು ಹೇಳಿದ ದಿನಾನಾದ್ರೂ ಬಾಯಿ ಬಿಡೋಕೇನಾಗಿತ್ತು?"

"ನೀವು ಹೇಳಿದ ದಿನ ಬೆಳಿಗ್ಗೇನೂ ಹೋಗಿತ್ತು ಅತ್ತಿಗೆ. ನನಗೂ ಅಂತ ಅಂದ್ರೆ... ಇಬ್ಬರಿಗೂ ಅಂದ್ರೆ ಅದು ಬಣ್ಣ ಅಲ್ಲ ಅಂತ ಆಗೋಗುತ್ತಲ್ಲ."

ಅವನ ಪಕ್ಕದಲ್ಲೇ ಕೂತೆ. ಇಬ್ಬರ ಕೈಯೂ ಒಂದೇ ಕೆಂಪು. ಬೈಯಲು ಬಾಯಿ ತೆರೆದೆ, ಯಜಮಾನರಿಗೆ ನಾನು ಹೇಳಿದ ಮಾತು ನೆನಪಾಗಿ ಮುಚ್ಚಿಕೊಂಡೆ. ಹಂಡೆಯಲ್ಲಿ ಬಣ್ಣ ಕಾಯುತ್ತಿತ್ತು. ಎದ್ದು ಹದಿನಾಲ್ಕು ಸೀರೆಯ ರೇಷ್ಮೆಯನ್ನೂ ಇಬ್ಬರೂ ಸೇರಿ ಮುಗಿಸಿದೆವು, ಒಂದು ಮಚ್ಚೆ ಬೀಳದ ಹಾಗೆ. ನಾಳೆ ಮೊದಲ ಬಸ್ಸಿಗೆ ಹೊರಡಬೇಕು ಎಂದೆ. ಅವನು ಬರಲ್ಲ ಎನ್ನಲಿಲ್ಲ.

ಸಂಜೆ ನಮ್ಮ ಬೀದಿಯ ಇನ್ನೆರಡು ಬಣ್ಣದ ಮನೆಗೂ ಹೋದೆ. ಬಾಗಿಲಲ್ಲೇ ನಿಂತು ಕೇಳಿದೆ, ನಿಮ್ಮಲ್ಲಿ ಯಾರಿಗೆ ಇಳೀತಿದೆ, ನಾಚಿಕೆ ಬಿಟ್ಟು ಹೇಳಿ ಎಂದು. ಒಂದು ಮನೆಯಲ್ಲಿ ಕದ ಹಾಕಿಕೊಂಡರು. ಇನ್ನೊಂದು ಮನೆಯ ಮುದುಕ ನನ್ನನ್ನು ಒಳಗೆ ಕರೆದ. ನೀಲಿ ಕಾಗದದಲ್ಲಿ ಅರ್ಧ ಹರಿದು ಅಲ್ಲಿ ಕೊಟ್ಟು ಬಂದೆ. ಗೌರಮ್ಮನ ಕೈಗೆ ಆರು ನಿಂಬೆಹಣ್ಣು ಕೊಟ್ಟೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಅವಳಿಗೆ ಅರ್ಥವಾಯಿತು.

೧೯ ಫೆಬ್ರವರಿ, ಶುಕ್ರವಾರ

ಒಲೆಯ ಮುಂದೆ ಕೂತು ಬರೆಯುತ್ತಿದ್ದೇನೆ. ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಸಿದ್ದಪ್ಪ ಎದುರಿಗೆ ಮಂಡಿ ಅಪ್ಪಿಕೊಂಡು ಕೂತಿದ್ದಾನೆ, ಸ್ಕೂಲಿಗೆ ಹೋಗಲ್ಲ ಎಂದು ಹಠ ಮಾಡುತ್ತಿದ್ದಾಗ ಕೂರುತ್ತಿದ್ದ ಹಾಗೆಯೇ.

"ಹೆದರಿಕೆ ಆಗ್ತಿದೆ ಅತ್ತಿಗೆ" ಎಂದ. "ಅಣ್ಣನ ಹಾಗೇ ಆದ್ರೆ?"

"ಹೆದರ್ಕೋ. ಬೇಕಾದ್ರೆ ಅಳು. ನೀರು ಕಾಯೋವರೆಗೂ ನಿನ್ನನ್ನ ಯಾರೂ ಏನೂ ಕೇಳಲ್ಲ. ಕಾದ ಮೇಲೆ ಎದ್ದು ಮುಖ ತೊಳ್ಕೋ, ಬಸ್ಸಿಗೆ ಹೋಗೋಣ. ಗಂಟಿದ್ರೆ ಸುಡಿಸೋಣ, ನಿನ್ನ ಸರದಿಗೆ ನಾನು ಬರ್ತೀನಿ, ನನ್ನ ಸರದಿಗೆ ನೀನು ಬಾ."

ಅವನು ಒಲೆಯ ಮೇಲೆ ನೋಡಿ, "ಇವತ್ತು ಬಣ್ಣ ಇಲ್ವಲ್ಲ ಅತ್ತಿಗೆ, ಮುಖ ತೊಳೆಯೋಕೆ ದೊಡ್ಡ ಹಂಡೆ ಯಾಕೆ?" ಎಂದು ಕೇಳಿದ.

ಕಾಯಲಿ ಬಿಡು ಎಂದೆ. ಕಂಠದವರೆಗೂ ನೀರು ತುಂಬಿದ್ದೇನೆ, ಬೆಂಕಿಯನ್ನೂ ಸಣ್ಣಗೆ ಇಟ್ಟಿದ್ದೇನೆ. ಬಸ್ಸು ಏಳೂವರೆಗೆ.